ಹಸಿರು ದೀಪದ ರೋಜಾ

ಮನುಷ್ಯನ ಹೊಟ್ಟೆಯೊಳಗೆ ಸರ್ಕಾರ ಇಣುಕಿ ನೋಡುವುದಕ್ಕೆ ಕಿಂಡಿ ಕೊರೆದುಕೊಟ್ಟವಳು ನಾನು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನನ್ನ ಹೆಸರು ಹುಸೇನಬಿ ನದಾಫ. ಮೂಲ ಊರು ಬಾಗಲಕೋಟೆ ಕಡೆ. ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ನಾನು ರಸಾಯನಶಾಸ್ತ್ರ ಓದಿ ಇಪ್ಪತ್ತಾರು ವರ್ಷದ ಹಿಂದೆ ಈ ರಿಮಾಲ್ ದ್ವೀಪಕ್ಕೆ ಬಂದೆ. ಭೂಪಟದ ಮೇಲೆ ಬೆರಳಿಟ್ಟರೆ ಮುಚ್ಚಿಹೋಗುವಷ್ಟು ಸಣ್ಣ ದೇಶ ಇದು. ಅಣ್ಣ ಮೌಲಾಸಾಬ ನನ್ನ ಹಿಂದೆಯೇ ಬಂದು ಇಲ್ಲಿ ಗಾದಿ ಅಂಗಡಿ ಹಾಕಿದ. ಅವನ ಹೆಂಡತಿ, ನಮ್ಮ ವೈನಿ, ತೀರಿಕೊಂಡ ಮೇಲೆ ಅವರ ಮಗಳು ಶಾಹೀನಾಳನ್ನು ಬೆಳೆಸಿದ್ದು ನಾನೇ. ಮನೆಯಲ್ಲಿ ನಾವು ಮೂವರೂ ಆಡುವುದು ಕನ್ನಡ. ನಮ್ಮ ಪಿಂಜಾರರ ಮನೆಮಾತು ಅದು. ಹೊರಗಿನವರು ಆಡುವುದು ಅರಬ್ಬಿ. ಅವರ ಮಾತನ್ನು ಇಲ್ಲಿ ಪುಸ್ತಕದ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಶಾಹೀನಾ ಒಂಬತ್ತು ವರ್ಷದವಳಿದ್ದಾಗ ಶಾಲೆಯಲ್ಲಿ ಕುಸಿದುಬಿದ್ದಳು. ಎತ್ತಿಕೊಂಡಾಗ ಅವಳ ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ ಅದು. ದೇಹದಲ್ಲಿ ಇನ್ಸುಲಿನ್ ಇಲ್ಲದಿದ್ದರೆ ಉಂಡ ಸಕ್ಕರೆ ರಕ್ತದಲ್ಲೇ ಸುತ್ತುತ್ತಿರುತ್ತದೆ, ಜೀವಕೋಶದ ಒಳಗೆ ಹೋಗುವುದಿಲ್ಲ. ಹಸಿದ ದೇಹ ತನ್ನ ಕೊಬ್ಬನ್ನೇ ಸುಟ್ಟುಕೊಳ್ಳಲು ಶುರುಮಾಡುತ್ತದೆ. ಆಗ ಹುಟ್ಟುವ ಅಸಿಟೋನ್ ಉಸಿರಿನಲ್ಲಿ ಹೊರಬರುತ್ತದೆ, ಆ ಹಣ್ಣಿನ ವಾಸನೆ ಅದರದ್ದು. ವಿಪರೀತವಾದರೆ ರಕ್ತ ಹುಳಿಯಾಗಿ ಮನುಷ್ಯ ಸಾಯುತ್ತಾನೆ. ನಾನು ನಾಲ್ಕು ವರ್ಷ ಕೂತು ಬೆರಳುದ್ದದ ಒಂದು ಕೊಳವೆ ಮಾಡಿದೆ. ಊದಿದರೆ ಹತ್ತು ಲಕ್ಷ ಭಾಗ ಉಸಿರಿನಲ್ಲಿ ಅಸಿಟೋನ್ ಎಷ್ಟು ಭಾಗ ಇದೆಯೆಂದು ಅಂಕಿ ತೋರಿಸುತ್ತದೆ. ಅಂಕಿ ಹತ್ತು ದಾಟಿದರೆ ಗಂಟೆ ಹೊಡೆಯುತ್ತದೆ, ಆಸ್ಪತ್ರೆಗೆ ಓಡಿ ಎಂದರ್ಥ. ಆ ಗಂಟೆಯಿಂದ ಎಷ್ಟೋ ಮಕ್ಕಳು ಉಳಿದವು.

ಆಮೇಲೆ ಧರ್ಮಪಾಲನಾ ಇಲಾಖೆಯ ಉಪಕಾರ್ಯದರ್ಶಿ ತಲಾಲ್ ನನ್ನ ಪ್ರಯೋಗಾಲಯಕ್ಕೆ ಬಂದ. ಸಭ್ಯ ಮನುಷ್ಯ, ಅತ್ತರು ಹಚ್ಚಿಕೊಂಡಿದ್ದ, ಕಾಫಿ ಕೊಟ್ಟರೆ ಎರಡು ಸಲ ಧನ್ಯವಾದ ಹೇಳಿದ. ಆರೋಗ್ಯವಂತರು ಉಪವಾಸವಿದ್ದರೂ ಕೊಬ್ಬು ಸ್ವಲ್ಪ ಸುಡುತ್ತದೆಯಲ್ಲವೇ ಎಂದು ಕೇಳಿದ. ಹೌದು, ಅಂಕಿ ಒಂದೂವರೆ ಎರಡರ ತನಕ ಏರುತ್ತದೆ ಎಂದೆ. ಊಟ ಮಾಡಿದರೆ? ಇಳಿಯುತ್ತದೆ. ಅವನು ನಕ್ಕ. ಆ ನಗುವಿನ ಅರ್ಥ ನನಗೆ ತಿಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ತಿಳಿದಿತ್ತು, ಆದರೂ ಸುಮ್ಮನಿದ್ದೆ.

ಮರುವರ್ಷ ರೋಜಾ ಸಂರಕ್ಷಣಾ ಕಾಯ್ದೆ ಬಂತು. ರಂಜಾನ್ ತಿಂಗಳಲ್ಲಿ ಉಪವಾಸವಿರಬೇಕಾದವನು ಹಗಲು ಹೊತ್ತು ಉಂಡರೆ ಅದು ಇನ್ನು ಮೇಲೆ ಪಾಪ ಮಾತ್ರವಲ್ಲ, ಅಪರಾಧ. ಬೀದಿಯಲ್ಲಿ ಉಂಡರೂ ಅಷ್ಟೇ, ಮನೆಯ ಕದ ಹಾಕಿಕೊಂಡು ಉಂಡರೂ ಅಷ್ಟೇ. ಬಸ್ ನಿಲ್ದಾಣ, ಕಚೇರಿ, ಕಾಲೇಜು, ಸಂತೆ ಎಲ್ಲ ಕಡೆ ನನ್ನ ಕೊಳವೆ ಕೂಡಿಸಿದ ಬಾಗಿಲುಗಳು ಎದ್ದವು. ಬೇರೆ ಧರ್ಮದವರು ಕಾರ್ಡು ತೋರಿಸಿ ಪಕ್ಕದಿಂದ ಹೋಗಬಹುದು. ಉಳಿದವರು ಮಧ್ಯಾಹ್ನದ ಮೇಲೆ ಬಾಗಿಲು ದಾಟುವಾಗಲೆಲ್ಲ ಊದಬೇಕು. ಹಸಿರು ದೀಪ ಬಂದರೆ ಒಂದು ಹೆಣ್ಣುದನಿ “ನಿಮ್ಮ ರೋಜಾ ಸ್ವೀಕಾರವಾಗಲಿ” ಎನ್ನುತ್ತದೆ. ಕೆಂಪು ಬಂದರೆ ಪೊಲೀಸು. ಕಾಯಿಲೆಯವರು, ಪ್ರಯಾಣಿಕರು, ಮುಟ್ಟಾದ ಹೆಂಗಸರು ಇವರಿಗೆಲ್ಲ ಧರ್ಮದಲ್ಲೇ ವಿನಾಯಿತಿ ಇದೆ; ಅವರಿಗೆ ಬೇರೆ ಸಾಲು, ಹಳದಿ ದೀಪ. ಯಾಕೆ ವಿನಾಯಿತಿ ಎಂಬುದು ಮೇಲಿನ ಫಲಕದಲ್ಲಿ ಬರುತ್ತದೆ.

ಬಾಗಿಲುಗಳನ್ನು ಹಾಕುವ ಮೊದಲು ತಲಾಲ್ ಒಂದು ಕಾಗದ ತಂದಿದ್ದ. “ಡಾಕ್ಟರ್, ನಿಮ್ಮ ಆ ಗಂಟೆಯೊಂದನ್ನು ತೆಗೆದುಬಿಡೋಣ. ಮಸೀದಿಯ ಎದುರು ಗಂಟೆ ಹೊಡೆದರೆ ಜನ ಗಾಬರಿಯಾಗುತ್ತಾರೆ. ಅಷ್ಟಕ್ಕೂ ಕಾಯಿಲೆಯವರು ಹಳದಿ ಸಾಲಿನಲ್ಲಿ ಹೋಗುತ್ತಾರಲ್ಲ.” ಕೇಳಲು ಸರಿಯಾಗಿಯೇ ಇತ್ತು. ಕಾಯ್ದೆಯ ಪ್ರಕಾರ ಯಂತ್ರದಲ್ಲಿ ಏನು ಬದಲಾದರೂ ನನ್ನ ಸಹಿ ಬೇಕಿತ್ತು. ನಾನು ಹಾಕಿದೆ. ಅಂದಿನಿಂದ ಅಂಕಿ ಒಂದನ್ನು ದಾಟಿದರೆ ಸಾಕು, ಎಷ್ಟೇ ಮೇಲೆ ಹೋದರೂ ಹಸಿರೇ.

ಅಣ್ಣನಿಗೆ ಕಾಯ್ದೆ ಹಿಡಿಸಿತ್ತು. ಮೂರನೆಯ ವರ್ಷದ ರಂಜಾನಿನ ಮೊದಲ ದಿನ, ಇಫ್ತಾರಿಗೆ ಖರ್ಜೂರ ಬಾಯಿಗೆ ಹಾಕಿಕೊಳ್ಳುತ್ತ ಹೇಳಿದ, “ನೋಡವಾ ಹುಸೇನಿ, ಮೊದಲ ನಮ್ಮ ಓಣ್ಯಾಗ ಗಂಡಸ್ರು ಮಧ್ಯಾಹ್ನ ಪಡದಿ ಹಿಂದ ಕುಂತು ಚಾ ಕುಡೀತಿದ್ರು. ಈಗ ಒಬ್ಬನರ ಕುಡೀಲಿ ನೋಡೂಣು.”

“ಅಂಜಿ ಬಿಟ್ಟಾರ ಅಣ್ಣಾ. ಅಂಜಿ ಹಿಡದದ್ದು ರೋಜಾ ಹೆಂಗ ಆಕ್ಕೈತಿ?”

“ಅಂಜಿ ಆದ್ರೂ ಹಿಡೀತಾರಲ್ಲ. ಹಿಡದ ಹಿಡದ ರೂಢಿ ಆಕ್ಕೈತಿ.”

ಶಾಹೀನಾಗೆ ಆಗ ಇಪ್ಪತ್ತೆರಡು. ಔಷಧಶಾಸ್ತ್ರದ ಕೊನೆಯ ವರ್ಷ. ಬಂದರಿನಲ್ಲಿ ಗುಮಾಸ್ತನಾಗಿದ್ದ ಗದಗಿನ ಕಡೆಯ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಸಕ್ಕರೆ ಕಾಯಿಲೆಯ ಮಾತನ್ನು ಅಣ್ಣ ಬೀಗರ ಹತ್ತಿರ ಎತ್ತಿರಲೇ ಇಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳ ಕಾಯಿಲೆಯನ್ನು ಹೀಗೆ ಬಚ್ಚಿಡುವ ಚಾಳಿ ಹಳೆಯದು. ನಾನು ಒಂದು ಸಲ ಬೇಡವೆಂದೆ, ಅಣ್ಣ ಮುಖ ಊದಿಸಿಕೊಂಡ, ಬಿಟ್ಟೆ.

“ಹ್ವಾದ ಎರಡ ವರ್ಷದಂಗ ಈ ಸಲಾನೂ ನೀ ಈ ತಿಂಗಳ ಕಾಲೇಜಿಗೆ ಹೋಗಬ್ಯಾಡ ಬಿಡು,” ಎಂದು ಅಣ್ಣ ಅವಳಿಗೆ ಹೇಳಿದ. “ಹಳದಿ ಸಾಲಿನ್ಯಾಗ ನಿಂತದ್ದು ಬೀಗರ ಕಿವಿಗೆ ಬಿದ್ರ ಮುಗೀತು.”

“ಇದು ಕಡೀ ವರ್ಷ, ಹಾಜರಿ ಕಮ್ಮಿ ಆದ್ರ ಪರೀಕ್ಷಾಕ್ಕ ಕೂಡಸಂಗಿಲ್ಲಪಾ. ಆ ಸಾಲಿನ್ಯಾಗ ಏನೇನ ಬರೀತಾರ ಗೊತ್ತೈತೇನ ನಿಂಗ? ಹ್ವಾದ ವರ್ಷ ನಮ್ಮ ಮೇಡಂ ಒಬ್ಬಾಕಿ ತಿಂಗಳಾಗಿದ್ಲು. ಇಡೀ ಕಾಲೇಜಿಗೆ ಕಾಣೂ ಹಂಗ ಮ್ಯಾಲೆ ಬಂತು. ಆಕಿ ಸೆರಗ ಬಾಯಿಗೆ ಹಿಡಕೊಂಡ ಒಳಗ ಓಡಿದ್ಲಂತ.”

ನಮ್ಮ ಅವ್ವ ಮುಟ್ಟಿನ ದಿನಗಳಲ್ಲಿ ಅಡುಗೆಮನೆಯ ಮೂಲೆಯಲ್ಲಿ ಎರಡು ತುತ್ತು ಉಂಡು, ಸಂಜೆ ಎಲ್ಲರ ಜೊತೆ ಇಫ್ತಾರಿಗೆ ಕೂರುತ್ತಿದ್ದಳು. ಅಪ್ಪ ಕೇಳುತ್ತಿರಲಿಲ್ಲ, ಅವಳು ಹೇಳುತ್ತಿರಲಿಲ್ಲ. ತಪ್ಪಿದ ದಿನಗಳನ್ನು ಮುಂದೆ ಯಾವಾಗಲೋ ಒಬ್ಬಳೇ ಹಿಡಿದು ಮುಗಿಸುತ್ತಿದ್ದಳು. ಗಂಡನಿಗೂ ಹೇಳದ ಮಾತನ್ನು ಈ ಕಾಯ್ದೆ ವಿದ್ಯುತ್ ಫಲಕದ ಮೇಲೆ ಕೆತ್ತಿ ಹಾಕಿತ್ತು. ಅಣ್ಣ ಮಗಳ ಮಾತು ಕೇಳಿ ತಲೆ ತಗ್ಗಿಸಿದ, ಆದರೆ ಕಾಯ್ದೆಯನ್ನು ಬಯ್ಯಲಿಲ್ಲ. ಶಾಹೀನಾ, “ನಾ ನೋಡ್ಕೋತೇನಿ ಬಿಡ್ರಿ,” ಎಂದು ಎದ್ದುಹೋದಳು. ಹೇಗೆ ನೋಡಿಕೊಳ್ಳುತ್ತೀ ಎಂದು ನಾನು ಕೇಳಲಿಲ್ಲ.

ಆ ತಿಂಗಳು ನನಗೆ ಮನೆಯೆಂಬುದೇ ಇರಲಿಲ್ಲ. ನಿಯಂತ್ರಣ ಕೊಠಡಿಯ ಗೋಡೆಯ ತುಂಬ ನಗರದ ನಕ್ಷೆ, ಅದರ ಮೇಲೆ ಸಾವಿರಾರು ಹಸಿರು ಚುಕ್ಕೆ. ನಮಗೆ ಅಂಕಿ ಮಾತ್ರ ಕಾಣುತ್ತಿತ್ತು, ಹೆಸರು ಇಲಾಖೆಯ ಹತ್ತಿರ. ಒಂಬತ್ತನೆಯ ದಿನ ನನ್ನ ಸಹಾಯಕಿ ಲಮಿಯಾ ಕೂಗಿದಳು, “ಡಾಕ್ಟರ್, ಔಷಧಶಾಸ್ತ್ರ ಕಾಲೇಜಿನ ಬಾಗಿಲಲ್ಲಿ ಹದಿನಾಲ್ಕು ಬಂದಿದೆ.”

“ಅತ್ತರೋ ಉಗುರುಬಣ್ಣ ಒರೆಸುವ ದ್ರವವೋ ತಾಗಿರಬೇಕು. ಕೊಳವೆಯ ತುದಿ ಬದಲಾಯಿಸಿ ಬಾ.”

ಬದಲಾಯಿಸಿ ಬಂದಳು. ಮರುದಿನ ಅದೇ ಬಾಗಿಲಲ್ಲಿ ಇಪ್ಪತ್ತೊಂಬತ್ತು. ಮತ್ತೆ ಬದಲಾಯಿಸು ಎಂದೆ. ಹನ್ನೊಂದನೆಯ ದಿನ ಐವತ್ತು. ಬಾಗಿಲನ್ನೇ ಬದಲಾಯಿಸು ಎಂದು ರೇಗಿದೆ. ಉಪವಾಸದಿಂದ ಅಂಕಿ ಅಷ್ಟು ಏರುವುದಿಲ್ಲ, ಸಕ್ಕರೆ ಕಾಯಿಲೆಯವರು ಆ ಸಾಲಿನಲ್ಲಿ ಬರುವುದಿಲ್ಲ, ಹಾಗಾಗಿ ಯಂತ್ರವೇ ಕೆಟ್ಟಿದೆ. ಇದು ನನ್ನ ತರ್ಕ. ಯಾವ ಕೂಗು ಕೇಳಿಸಲೆಂದು ಆ ಯಂತ್ರವನ್ನು ಕಟ್ಟಿದ್ದೆನೋ ಅದೇ ಕೂಗನ್ನು ಅದು ಮೂರು ದಿನ ಕೂಗಿತು. ನಾನು ಮೂರು ದಿನವೂ ಅದರ ಮೂಗು ಒರೆಸಿದೆ. ಇದನ್ನು ಬರೆಯುವಾಗ ಈಗಲೂ ನನ್ನ ಕೈಯನ್ನು ನಾನೇ ಕಚ್ಚಿಕೊಳ್ಳಬೇಕೆನ್ನಿಸುತ್ತದೆ.

ಹನ್ನೆರಡನೆಯ ದಿನ ಮಧ್ಯಾಹ್ನ ಕಾಲೇಜಿನಿಂದ ಫೋನು ಬಂತು. ಶಾಹೀನಾ ವಾಂತಿ ಮಾಡಿಕೊಂಡು ಬಿದ್ದಿದ್ದಾಳೆ, ಉಸಿರು ಬುಸುಗುಡುತ್ತಿದೆ.

ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಲ್ಲೂ ನನ್ನ ಕೊಳವೆ ಇತ್ತು. ತಳ್ಳುಗಾಡಿಯ ಮೇಲೆ ಮಲಗಿದ್ದ ಹುಡುಗಿಯ ಬಾಯಿಗೆ ಕಾವಲುಗಾರ ಅದನ್ನು ಹಿಡಿದ. ನಿಯಮವಂತೆ. ನೂರಾ ಹನ್ನೆರಡು. ಆ ಕೊಳೆತ ಹಣ್ಣಿನ ವಾಸನೆ ನನ್ನ ಮೂಗಿಗೇ ಬಡಿಯುತ್ತಿತ್ತು. ದೀಪ ಹಸಿರಾಯಿತು. “ನಿಮ್ಮ ರೋಜಾ ಸ್ವೀಕಾರವಾಗಲಿ” ಎಂದಿತು ಆ ಸಿಹಿ ದನಿ.

ನಾನು ಕೊಳವೆಯನ್ನು ಗೋಡೆಯಿಂದ ಕಿತ್ತೆ. ಕಾವಲುಗಾರ ಕೈ ಹಿಡಿದುಕೊಂಡ. ಬಾಗಲಕೋಟೆಯಲ್ಲಿ ಕಲಿತ ಬೈಗುಳವನ್ನೆಲ್ಲ ಅವನ ಮೇಲೆ ಸುರಿದೆ. ಅವನಿಗೆ ಒಂದೂ ಅರ್ಥವಾಗಲಿಲ್ಲ, ಆದರೂ ಕೈಬಿಟ್ಟ.

ಎರಡು ದಿನ ಅವಳ ತೋಳಿಗೆ ಸಲೈನು, ಇನ್ಸುಲಿನ್ನು. ಅಣ್ಣ ಮಂಚದ ಕಾಲಬಳಿ ಕೂತವನು ಏಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವಳು ಕಣ್ಣು ಬಿಟ್ಟು ನೀರು ಕೇಳಿದಳು. ಅಣ್ಣ ಅಂಗಡಿ ನೋಡಿ ಬರುತ್ತೇನೆಂದು ಹೋದಾಗ ನಾನು ಕೇಳಿದೆ, “ಏನ ಮಾಡಿದಿ ಖರೆ ಹೇಳ.”

“ಇನ್ಸುಲಿನ್ ಅರ್ಧಾ ಮಾಡಿದ್ದೆ ಅತ್ತಿ. ಕಡೀಕ ಅದನ್ನೂ ಬಿಟ್ಟೆ.”

“ಯಾಕವಾ?”

“ನಾ ಉಣಲಿಲ್ಲಂದ್ರ ಶುಗರ್ ಇಳದ ಬೀಳ್ತೇನಿ. ಉಂಡ ಊದಿದ್ರ ಕೆಂಪ ಬರ್ತೈತಿ. ಇನ್ಸುಲಿನ್ ಕಮ್ಮಿ ತಗೊಂಡ್ರ ಉಂಡ್ರೂ ಹಸರ ಬರ್ತೈತಿ. ನೀನ ಕಲಿಸಿದ್ದಲ್ಲ, ಇನ್ಸುಲಿನ್ ಇಲ್ಲಂದ್ರ ಕೊಬ್ಬ ಸುಡತೈತಿ ಅಂತ.”

“ಎಲ್ಲಿ ಉಣ್ತಿದ್ದಿ?”

“ಕಾಲೇಜಿನ ಸಂಡಾಸದಾಗ. ಬ್ರೆಡ್ಡು, ಎರಡ ಖರ್ಜೂರ.” ನೀರಿನ ಲೋಟ ಕೆಳಗಿಟ್ಟು ಹೇಳಿದಳು, “ಬಾಯಿ ಭಾಳ ಒಣಗತಿತ್ತು ಅತ್ತಿ. ಈ ತಿಂಗಳ ಎಲ್ಲಾರ ಬಾಯಿನೂ ಒಣಗಿರ್ತಾವಲ್ಲ, ಯಾರಿಗೂ ಗೊತ್ತಾಗ್ಲಿಲ್ಲ.”

ಬುದ್ಧಿವಂತೆ. ರಸಾಯನಶಾಸ್ತ್ರದ ಲೆಕ್ಕಾಚಾರದಲ್ಲಿ ಒಂದೂ ತಪ್ಪಿರಲಿಲ್ಲ. ಅನ್ನ ಉಣ್ಣುವುದಕ್ಕೆ ಅಲ್ಲಾಹನೇ ಅನುಮತಿ ಕೊಟ್ಟಿದ್ದ ಹುಡುಗಿ, ಶೌಚಾಲಯದಲ್ಲಿ ಕೂತು ಬ್ರೆಡ್ಡು ನುಂಗಿ, ಅದು ಕಾಣಬಾರದೆಂದು ತನ್ನ ರಕ್ತವನ್ನೇ ಹುಳಿ ಮಾಡಿಕೊಂಡಿದ್ದಳು. ನನ್ನ ಮೈಯೆಲ್ಲ ಉರಿಯಿತು. ಯಾರ ಮೇಲೆ ಎಂದು ಕೇಳಿದರೆ ಮೊದಲ ಹೆಸರು ನನ್ನದೇ.

ಅಣ್ಣ ಹಿಂತಿರುಗಿದಾಗ ಅವನ ಕೈಯಲ್ಲಿ ಚಿನ್ನದ ಬಣ್ಣದ ಚೌಕಟ್ಟಿತ್ತು. ಇಲಾಖೆಯವರು ಕ್ಯಾಮೆರಾ ಹಿಡಿದುಕೊಂಡು ಗಾದಿ ಅಂಗಡಿಗೆ ಬಂದಿದ್ದರಂತೆ. ಎರಡು ವಾರದ ಅಂಕಿಗಳಲ್ಲಿ ನಗರಕ್ಕೇ ಮೊದಲು ಬಂದ ಶ್ರೇಷ್ಠ ರೋಜಾದಾರಳು ಕುಮಾರಿ ಶಾಹೀನಾ ಮೌಲಾಸಾಬ ನದಾಫ ಎಂದು ಅದರಲ್ಲಿ ಬರೆದಿತ್ತು. ಮಗಳೆಲ್ಲಿ ಎಂದು ಕೇಳಿದವರಿಗೆ ಆಸ್ಪತ್ರೆಯಲ್ಲಿದ್ದಾಳೆ ಎಂದು ಅಣ್ಣ ಹೇಳಿದನಂತೆ. ಅವರು ಭಕ್ತಿಯಿಂದ ತಲೆಯಾಡಿಸಿ ಫೋಟೋ ತೆಗೆದುಕೊಂಡು ಹೋದರಂತೆ. ನಾನು ನಡೆದದ್ದನ್ನೆಲ್ಲ ಅವನಿಗೆ ಹೇಳಿದೆ. ಅವನು ಚೌಕಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಮಂಚದ ಕೆಳಗೆ ಸರಿಸಿದ.

ಆಸ್ಪತ್ರೆಯ ವರದಿ ಇಲಾಖೆಗೆ ತಲುಪಲು ಎರಡು ದಿನ ಬೇಕಾಯಿತು. ಹೊಟ್ಟೆಯಲ್ಲಿ ಆಹಾರವಿತ್ತು, ರಕ್ತದಲ್ಲಿ ಸಕ್ಕರೆ ತುಂಬಿತ್ತು, ಹಳೆಯ ಕಾಯಿಲೆ ಇತ್ತು, ಎಲ್ಲ ಅದರಲ್ಲಿ ಬರೆದಿತ್ತು. ತಕ್ಷಣ ಮೊಕದ್ದಮೆ ಬಂತು. ವಿನಾಯಿತಿಯನ್ನು ಮುಚ್ಚಿಟ್ಟದ್ದು ಒಂದು, ಬಾಗಿಲಿಗೆ ಮೋಸ ಮಾಡಿದ್ದು ಇನ್ನೊಂದು. ಉಂಡದ್ದು ಅಪರಾಧವಲ್ಲವಂತೆ, ಏಕೆಂದರೆ ಕಾಯಿಲೆಯವರು ಉಣ್ಣಬಹುದು. ಸರ್ಕಾರಕ್ಕೆ ಹೇಳದೆ ಉಂಡದ್ದು ಅಪರಾಧ. ಬೀಗರ ಕಡೆಯಿಂದ ಅಂದೇ ಸಂಜೆ ಉಂಗುರ ವಾಪಸು ಬಂತು.

ತಲಾಲ್ ನನ್ನನ್ನು ಕರೆಸಿದ. ಈ ಸಲವೂ ಸಭ್ಯನಾಗಿಯೇ ಇದ್ದ. “ಡಾಕ್ಟರ್, ಒಂದು ದಾರಿ ಇದೆ. ಬಾಗಿಲು ಸರಿಯಾಗಿಯೇ ಕೆಲಸ ಮಾಡಿದೆ ಎಂದು ನೀವು ಸಹಿ ಮಾಡಿಕೊಡಿ. ನಿಮ್ಮ ಅಣ್ಣನ ಮಗಳು ಕಾಯಿಲೆಯನ್ನೂ ಲೆಕ್ಕಿಸದೆ, ಅತಿಯಾದ ಭಕ್ತಿಯಿಂದ ರೋಜಾ ಹಿಡಿದು ಬಿದ್ದಳು ಎಂದಾಗುತ್ತದೆ. ಮೊಕದ್ದಮೆ ಇರುವುದಿಲ್ಲ. ಪ್ರಶಸ್ತಿಯೂ ಉಳಿಯುತ್ತದೆ.”

“ಅವಳು ಉಂಡಿದ್ದಾಳೆ. ನಿಮ್ಮ ಯಂತ್ರ ಸಾಯುತ್ತಿದ್ದವಳಿಗೆ ಹಸಿರು ತೋರಿಸಿದೆ.”

“ನಮ್ಮ ಯಂತ್ರ ಅಲ್ಲ,” ಎಂದ ಅವನು ಮೆಲ್ಲಗೆ, “ನಿಮ್ಮದು.”

ಮನೆಗೆ ಬಂದು ಹೇಳಿದಾಗ ಅಣ್ಣ ನನ್ನ ಎರಡೂ ಕೈ ಹಿಡಿದುಕೊಂಡ. “ಹಾಕಿಬಿಡವಾ ಸಹಿ. ಹುಡುಗಿ ಜೈಲಿಗೆ ಹೋಗೂದು ಬ್ಯಾಡ. ಹೆಸರ ಉಳೀತೈತಿ, ಬೀಗರೂ ತಿರಗಿ ಬಂದಾರು.” ನನಗೂ ಹಾಕಿಬಿಡೋಣ ಎನ್ನಿಸಿತು. ಒಂದು ಸಹಿಯಿಂದ ಅವಳನ್ನು ಕೊಲ್ಲಹೊರಟಿದ್ದೆ, ಇನ್ನೊಂದು ಸಹಿಯಿಂದ ಬಿಡಿಸಿಕೊಳ್ಳಬಹುದಿತ್ತು. ಅದರಲ್ಲಿ ನಾಚಿಕೆಪಡುವಂಥದ್ದೇನೂ ನನಗೆ ಕಾಣಲಿಲ್ಲ.

ಗೋಡೆಗೆ ಒರಗಿ ಕೂತಿದ್ದ ಶಾಹೀನಾ ಕೇಳಿದಳು, “ಮಷಿನ್ ಸರಿ ಐತಿ ಅಂತ ಬರದ ಕೊಡತೀಯೇನ ಅತ್ತಿ? ಮುಂದಿನ ವರ್ಷ ಇನ್ನೊಬ್ಬಾಕಿ ನನ್ನಂಗ ಸೂಜಿ ಬಿಟ್ಟ ಊದತಾಳ. ಆಕಿಗೂ ಫ್ರೇಮ್ ಕೊಡ್ತಾರ. ಆಕಿ ಉಳೀಲಿಲ್ಲಂದ್ರ?”

“ಆಕಿ ಚಿಂತಿ ನಿಂಗ್ಯಾಕ? ನಿಂದು ನೋಡ್ಕೋ,” ಎಂದು ಅಣ್ಣ ಗದರಿದ.

“ನಂದು ನೋಡ್ಕೊಂಡೇನಪಾ. ನೋಡ್ಕೋತೇನಿ ಅಂತ ಹೋಗಿ ಸತ್ತ ಬಂದೇನಿ.”

ಅಣ್ಣ ನನ್ನ ಕೈ ಬಿಟ್ಟ. ನಾನು ಸಹಿ ಹಾಕಲಿಲ್ಲ. ನಾನು ಹಾಕದಿದ್ದರೆ ಬಾಗಿಲುಗಳೇ ನಿಂತುಹೋಗುತ್ತವೆ ಎಂಬ ಹೆಮ್ಮೆಯೂ ಒಳಗೊಳಗೆ ಇತ್ತು. ನಾಲ್ಕನೆಯ ದಿನಕ್ಕೆ ಇನ್ನೊಬ್ಬ ರಸಾಯನಶಾಸ್ತ್ರಜ್ಞ ಸಿಕ್ಕಿದ, ಅವನು ಹಾಕಿದ. ನಾನು ಒಪ್ಪದ್ದಕ್ಕೆ ಮೊಕದ್ದಮೆ ಉಳಿಯಿತು, ನನ್ನ ಕೆಲಸ ಹೋಯಿತು. ಅಷ್ಟೇ ನನ್ನ ಬೆಲೆ.

ಇಪ್ಪತ್ತನಾಲ್ಕನೆಯ ರೋಜಾದ ದಿನ, ಮಧ್ಯಾಹ್ನ, ವಿಚಾರಣೆ ನಡೆಯಿತು. ಕಾಜಿ ಇದ್ರೀಸ್ ಎಪ್ಪತ್ತು ದಾಟಿದ ಮನುಷ್ಯ. ಶರೀಅತ್ತನ್ನು ಅರೆದು ಕುಡಿದವರು ಎಂದು ಹೆಸರು. ಶಾಹೀನಾಳ ಎದುರು ಒಂದು ಲೋಟ ನೀರು ಇಡಿಸಿದರು. ಈಗ ಅವಳ ಹೆಸರು ಹಳದಿ ಪಟ್ಟಿಗೆ ಸೇರಿತ್ತಲ್ಲ. ನನ್ನನ್ನು ಸಾಕ್ಷಿಯೆಂದು ಕರೆದರು.

“ಈ ಯಂತ್ರ ಊಟವನ್ನು ಕಾಣುತ್ತದೆಯೇ?” ಎಂದು ಕಾಜಿ ಕೇಳಿದರು.

“ಇಲ್ಲ.”

“ರೋಜಾ ಎಂದರೆ ಮೊದಲು ನಿಯ್ಯತ್ತು, ಮನಸ್ಸಿನ ಸಂಕಲ್ಪ. ಅದನ್ನು ಕಾಣುತ್ತದೆಯೇ?”

“ಇಲ್ಲ.”

“ಹಾಗಾದರೆ ಏನನ್ನು ಕಾಣುತ್ತದೆ?”

“ಕೊಬ್ಬು ಸುಡುವ ವಾಸನೆಯನ್ನು. ಉಪವಾಸವಿದ್ದವರಿಗೂ ಬರುತ್ತದೆ, ಸಾಯುತ್ತಿರುವವರಿಗೂ ಬರುತ್ತದೆ. ಸಾಯುತ್ತಿರುವವರಿಗೆ ಹೆಚ್ಚು.”

ಕಾಜಿ ಕನ್ನಡಕ ತೆಗೆದು ಒರೆಸಿಕೊಂಡರು. ಆ ಮುಖ ನೋಡಿ ನನಗೆ ಆಸೆ ಹುಟ್ಟಿತು. ಆಮೇಲೆ ಶಾಹೀನಾಳನ್ನು ಕೇಳಿದರು, ಹೇಳುವುದೇನಾದರೂ ಇದೆಯೇ ಎಂದು. ಅವಳು ಎದ್ದು ನಿಂತಳು. ಇದೇ ಊರಲ್ಲಿ ಹುಟ್ಟಿ ಬೆಳೆದವಳು, ಅರಬ್ಬಿ ನಮಗಿಂತ ಚೆನ್ನಾಗಿ ಬರುತ್ತದೆ.

“ನಾನು ಉಂಡೆ. ದಿನಾಲೂ ಉಂಡೆ. ಉಣ್ಣು ಎಂದು ಅಲ್ಲಾಹನೇ ನನಗೆ ವಿನಾಯಿತಿ ಕೊಟ್ಟಿದ್ದಾನೆ. ನಾನು ಉಂಡದ್ದು ಅವನಿಗೆ ಗೊತ್ತು, ಯಾಕೆ ಉಂಡೆ ಎಂಬುದೂ ಗೊತ್ತು. ನಾನು ಮುಚ್ಚಿಟ್ಟದ್ದು ನಿಮ್ಮಿಂದ. ನಿಮಗೆ ಯಾಕೆ ಹೇಳಬೇಕಿತ್ತು ಎಂದು ನೀವೇ ಹೇಳಿ.”

ಕಾಜಿ ಮೇಜಿನ ಮೇಲಿನ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು. ಅದನ್ನು ನೋಡುತ್ತಲೇ ಹೇಳಿದರು, “ಮಗೂ, ನೀನು ಮಸೀದಿಗೆ ಬಂದು ನನ್ನ ಎದುರು ಕೂತು ಇದನ್ನು ಕೇಳಿದ್ದರೆ, ನಿನ್ನ ಮೇಲೆ ಯಾವ ಪಾಪವೂ ಇಲ್ಲ, ಮನೆಗೆ ಹೋಗು ಎನ್ನುತ್ತಿದ್ದೆ. ಇನ್ನೊಬ್ಬರ ಗುಟ್ಟನ್ನು ಕೆದಕಬೇಡಿ ಎಂದು ಐವತ್ತು ವರ್ಷ ಪಾಠ ಹೇಳಿದವನು ನಾನು. ಆದರೆ ಈ ಕುರ್ಚಿಯನ್ನು ಕಾಯ್ದೆ ನನಗೆ ಕೊಟ್ಟಿದೆ. ಕಾಯ್ದೆಯಲ್ಲಿ ಪಾಪ ಎಂಬ ಪದವಿಲ್ಲ.”

ಇಪ್ಪತ್ತೊಂದು ದಿನ ಸುಧಾರಣಾ ಗೃಹ ಎಂದು ಬರೆದರು.

ಯಂತ್ರಕ್ಕೆ ಏನೂ ತಿಳಿಯುವುದಿಲ್ಲ ಎಂದು ಅದನ್ನಾದರೂ ಕ್ಷಮಿಸಬಹುದು. ಈ ಮುದುಕರಿಗೆ ಎಲ್ಲ ತಿಳಿದಿತ್ತು. ತಿಳಿದೂ ಬರೆದರು. ನನ್ನ ಬಾಯಿಗೆ ಏನು ಬರುತ್ತಿತ್ತೋ, ಅಷ್ಟರಲ್ಲಿ ಅಣ್ಣ ಎದ್ದ.

ನಲವತ್ತೆರಡು ವರ್ಷ ಒಂದೂ ರೋಜಾ ಬಿಡದ ಮನುಷ್ಯ. ಜ್ವರದಲ್ಲೂ ಹಿಡಿದವನು, ವೈನಿಯನ್ನು ಮಣ್ಣು ಮಾಡಿದ ದಿನವೂ ಹಿಡಿದವನು. ಮಗಳ ಮುಂದಿದ್ದ ನೀರಿನ ಲೋಟ ಎತ್ತಿಕೊಂಡು, ಕಾಜಿಯ ಕಣ್ಣಿಗೆ ಕಣ್ಣಿಟ್ಟು, ಗಟಗಟ ಪೂರ್ತಿ ಕುಡಿದ. ಗಡ್ಡದ ಮೇಲೆ ನೀರು ಇಳಿಯಿತು. ಸಿಟ್ಟಿನಲ್ಲಿ ಅವನಿಗೆ ಅರಬ್ಬಿ ಮರೆತೇಹೋಗಿತ್ತು, ಬಾಗಲಕೋಟೆಯ ಕನ್ನಡದಲ್ಲೇ ಶುರುಮಾಡಿದ. ನಾನು ಪಕ್ಕದಲ್ಲಿ ನಿಂತು ಒಂದಕ್ಷರ ಬಿಡದೆ ಅರಬ್ಬಿಗೆ ತಿರುಗಿಸಿದೆ.

“ನಾ ಈಗ ರೋಜಾ ಮುರದೇನ್ರೀ ಕಾಜಿಸಾಹೇಬ್ರ. ಕಾಯಿಲಿ ಇಲ್ಲ, ಪರಸ್ಥಳಕ್ಕ ಹೊಂಟಿಲ್ಲ. ಬೇಕಂತನ ಮುರದೇನಿ. ಇದು ಪಾಪ. ಇದಕ್ಕ ಏನ ಮಾಡಬೇಕು ಅಂತ ನಮ್ಮಪ್ಪ ನಂಗ ಕಲಿಸ್ಯಾನ. ಒಂದ ದಿನ ತಪ್ಪದಂಗ ಅರವತ್ತ ದಿನ ಹಿಡೀಬೇಕು. ಹಿಡೀತೇನಿ. ಅದನ್ನ ಪೊಲೀಸ್ರ ಕಾಯಂಗಿಲ್ಲ, ನೀವೂ ಕಾಯಂಗಿಲ್ಲ. ಮ್ಯಾಲಿನಂವ ಒಬ್ಬನ ನೋಡ್ತಾನ. ಅಷ್ಟ ವರ್ಷ ನಾ ಅವನ ಸಲುವಾಗಿ ಹಿಡದದ್ದನ್ನ ನೀವು ನಿಮ್ಮ ಅಂಜಿಕಿಗೆ ಹಿಡದದ್ದು ಅಂತ ಬರಕೊಂಡೀರಿ. ನನ್ನ ಇಬಾದತ್ತ, ನನ್ನ ಭಕ್ತಿ, ನಂಗ ಹೊಳ್ಳಿ ಕೊಡ್ರಿ.”

ಕಾಜಿ ತಲೆ ತಗ್ಗಿಸಿದರು. ಕೈಸನ್ನೆ ಮಾಡಿದರು, ಪೊಲೀಸನೊಬ್ಬ ಬಂದು ಅಣ್ಣನ ತೋಳು ಹಿಡಿದ. ದೂರು ಬರೆದುಕೊಳ್ಳಬೇಕಾದರೆ ಮೊದಲು ಬಾಗಿಲಲ್ಲಿ ಊದಿಸಬೇಕು. ಅಣ್ಣ ಊದಿದ. ನೀರು ಕುಡಿದರೆ ಕೊಬ್ಬು ಸುಡುವುದು ನಿಲ್ಲುವುದಿಲ್ಲ, ಇದು ನನ್ನ ಯಂತ್ರದ ಮೊದಲ ಪಾಠ. ಹಸಿರು ಬಂತು.

ಪೊಲೀಸ ತಬ್ಬಿಬ್ಬಾದ. “ಹಿರಿಯರೇ, ಹಸಿರು ಬಂದರೆ ದೂರು ಬರೆಯುವಂತಿಲ್ಲ.”

“ಕುಡದೇನಿ ಅಂತ ನಾನ ಹೇಳಾಕತ್ತೇನಲ್ಲೋ. ನಿನ್ನ ಕಣ್ಣಮುಂದ ಕುಡದೇನಿ. ಬರ್ಕೋ!”

“ನನ್ನ ಕಣ್ಣನ್ನು ಕಾಯ್ದೆ ಸಾಕ್ಷಿಯೆಂದು ಒಪ್ಪುವುದಿಲ್ಲ,” ಎಂದು ಅವನು ಪಾಪ, ಬೆವರುತ್ತ ಹೇಳಿದ. ಮಗಳನ್ನು ಆಚೆಯ ಬಾಗಿಲಿನಿಂದ ಕರೆದುಕೊಂಡು ಹೋದರು. ಅಣ್ಣನನ್ನು ಈಚೆಯ ಬಾಗಿಲಿನಿಂದ ಮನೆಗೆ ಕಳಿಸಿದರು.

ಶಾಹೀನಾ ಇಪ್ಪತ್ತೊಂದು ದಿನ ಪೂರ್ತಿ ಒಳಗಿದ್ದು ಬಂದಳು. ಇನ್ಸುಲಿನ್ ಕೊಟ್ಟಿದ್ದರಂತೆ, ಹೊತ್ತಿಗೆ ಸರಿಯಾಗಿ ಅಲ್ಲ. ಪರೀಕ್ಷೆ ತಪ್ಪಿತು, ಒಂದು ವರ್ಷ ಹೋಯಿತು. ಕಾಯ್ದೆ ಹಾಗೇ ಇದೆ. ಬಾಗಿಲುಗಳೂ ಇವೆ, ಮುಂದಿನ ರಂಜಾನಿಗೆ ಇನ್ನೂರು ಹೊಸವು ಬರುತ್ತವಂತೆ. ನಾನು ಕಂಡವರಿಗೆಲ್ಲ ಈ ಕಥೆ ಹೇಳುತ್ತ ತಿರುಗುತ್ತಿದ್ದೇನೆ. ಕೇಳಿದವರು ಆಚೀಚೆ ನೋಡಿ ದನಿ ತಗ್ಗಿಸುತ್ತಾರೆ.

ಅಣ್ಣ ಮಾತ್ರ ಹಬ್ಬದ ಮರುದಿನದಿಂದಲೇ ಅರವತ್ತು ದಿನದ ರೋಜಾ ಶುರುಮಾಡಿದ್ದ. ರಂಜಾನ್ ಮುಗಿದದ್ದರಿಂದ ಊದುವ ಬಾಗಿಲುಗಳೆಲ್ಲ ನಿಂತಿದ್ದವು. ಅವನು ಹಿಡಿದಿದ್ದಾನೋ ಬಿಟ್ಟಿದ್ದಾನೋ ಎಂದು ಯಾರೂ ಕೇಳಲಿಲ್ಲ. ಶಾಹೀನಾ ಬಿಡುಗಡೆಯಾದ ದಿನದಿಂದ ಮಧ್ಯಾಹ್ನ ಅವನ ಅಂಗಡಿಗೇ ಬುತ್ತಿ ತರತೊಡಗಿದಳು. ರಸ್ತೆಗೆ ತೆರೆದ ಬಾಗಿಲ ಎದುರು ಗಾದಿಯ ಮೇಲೆ ಕೂತು, ಹೋಗಿಬರುವವರೆಲ್ಲ ಕಾಣುವಂತೆ ತೋಳಿಗೆ ಸೂಜಿ ಚುಚ್ಚಿಕೊಂಡು, ರೊಟ್ಟಿ ಬಿಚ್ಚುತ್ತಾಳೆ. ಒಣಗಿದ ತುಟಿಯ ಅಣ್ಣ ಹತ್ತಿ ಸರಿಸಿ ಪಕ್ಕದಲ್ಲಿ ಕೂತು ಪಲ್ಯ ಬಡಿಸುತ್ತಾನೆ.

“ಅಷ್ಟಕ್ಕ ಸಾಕಂದ್ರ ಹೆಂಗ? ಇನ್ನೊಂದ ರೊಟ್ಟಿ ಹಾಕ್ಕೋ,” ಎನ್ನುತ್ತಾನೆ.